ನೂರ ಇಪ್ಪತ್ತೊಂದು ಡಿಗ್ರಿ

ನೀರೆತ್ತುವ ಪಂಪುಗಳನ್ನು ತಯಾರಿಸುವ ಕಾರ್ಖಾನೆಯೊಂದರ ತಪಾಸಣಾ ಕೋಣೆಯಲ್ಲಿ ಮೂವತ್ತಾರು ವರ್ಷ ಏಳು ತಿಂಗಳು ದುಡಿದು ನಿವೃತ್ತರಾದವರೊಬ್ಬರಿದ್ದರು. ಎದುರಿಗೆ ಸಿಕ್ಕಾಗ 'ಸಾರ್' ಎನ್ನುತ್ತಿದ್ದ ಕೆಲಸಗಾರರೆಲ್ಲ ಬೆನ್ನ ಹಿಂದೆ ಅವರನ್ನು 'ಗೇಜಪ್ಪ' ಎಂದೇ ಕರೆಯುತ್ತಿದ್ದರು. ಮಾಡಿದ ಬಿಡಿಭಾಗ ಸರಿಯಾದ ಅಳತೆಗಿದೆಯೇ ಎಂದು ನೋಡುವ ಉಕ್ಕಿನ ಉಪಕರಣಕ್ಕೆ ಗೇಜು ಎನ್ನುತ್ತಾರೆ. ಭಾಗ ಅದರೊಳಗೆ ಕೂತರೆ ಪಾಸು, ಕೂರದಿದ್ದರೆ ಕೆಂಪು ಪೆನ್ಸಿಲಿನ ಗೆರೆ. ನಡುವಿನ ಮಾತೇ ಇಲ್ಲ. ಫೋರ್‌ಮನ್ನರು ಗೋಗರೆದದ್ದುಂಟು, ಮ್ಯಾನೇಜರು ಕಣ್ಣು ಕೆಂಪಗೆ ಮಾಡಿದ್ದುಂಟು. ಗೇಜಪ್ಪನವರ ಪೆನ್ಸಿಲು ಮಾತ್ರ ಕೂದಲೆಳೆಯಷ್ಟೂ ಅತ್ತಿತ್ತ ಆಗಿದ್ದಿಲ್ಲ. ತಾವು ಗೆರೆ ಎಳೆದು ಬದಿಗೆ ಸರಿಸಿದ ಮಾಲಿನಲ್ಲಿ ಒಂದೇ ಒಂದು ಒಳ್ಳೆಯ ಮಾಲು ಇರಲಿಲ್ಲ ಎಂಬುದು ಅವರ ಬಾಳಿನ ಹೆಮ್ಮೆಯಾಗಿತ್ತು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಆ ಹೆಮ್ಮೆ ಮಣ್ಣುಪಾಲಾಯಿತು. ಆದದ್ದು ಹೆಂಡತಿಯ ಬಲಮಂಡಿಯ ವಿಷಯದಲ್ಲಿ.

ಹೆಂಡತಿಗೆ ಅರವತ್ನಾಲ್ಕು. ಎರಡು ಬೀದಿ ಆಚೆ, ಔಷಧದಂಗಡಿಯ ಮಹಡಿಯ ಮೇಲೆ ಸಮವಸ್ತ್ರ ಹೊಲಿಯುವ ಕಾರ್ಯಾಲಯವೊಂದಿದೆ. ಅಲ್ಲಿ ಎಂಟು ಜನ ಹೆಂಗಸರು ಕೆಲಸ ಮಾಡುತ್ತಾರೆ. ಏಳು ಜನ ಕೂತು ಹೊಲಿಯುವವರು. ನಿಂತು ಬಟ್ಟೆ ಕತ್ತರಿಸುವವರು ಇವರೊಬ್ಬರೇ. ಆದ್ದರಿಂದ ಕತ್ತರಿಯಮ್ಮ. ಇಪ್ಪತ್ತೊಂಬತ್ತು ವರ್ಷ ಒಂದೇ ಮೇಜಿನ ಮುಂದೆ ನಿಂತ ಮಂಡಿ ಸವೆದು, ಕೊನೆಯ ನಾಲ್ಕು ವರ್ಷ ಆಕೆ ಮೆಟ್ಟಿಲನ್ನು ಹತ್ತುತ್ತಿದ್ದದ್ದು ಪಕ್ಕದ ಕೈಪಿಡಿ ಸರಳನ್ನು ಹಗ್ಗದ ಹಾಗೆ ಜಗ್ಗಿಕೊಂಡು. ಹನ್ನೆರಡು ಮೆಟ್ಟಿಲು, ಒಂದು ತಿರುವು, ಮತ್ತೆ ಹನ್ನೆರಡು, ಒಟ್ಟು ಇಪ್ಪತ್ನಾಲ್ಕು. ಕಡೆಗೆ ಮಂಡಿ ಬದಲಾಯಿಸುವುದೆಂದು ತೀರ್ಮಾನವಾದಾಗ ಕಾರ್ಯಾಲಯದ ಮೇಲ್ವಿಚಾರಕಿ ಒಂದು ಮಾತು ಹೇಳಿದ್ದರು: "ಮೂರು ತಿಂಗಳು ನಿಮ್ಮ ಮೇಜನ್ನ ಯಾರಿಗೂ ಕೊಡಲ್ಲ. ಅದಾದ ಮೇಲೆ ನನ್ನ ಕೈಲಿ ಇಲ್ಲ."

ಅಲ್ಲಿಯವರೆಗೆ ಕತ್ತರಿ ಹಿಡಿಯಲು ಒಪ್ಪಿಕೊಂಡವಳು ಕತ್ತರಿಯಮ್ಮನ ಸ್ವಂತ ತಂಗಿ. ಅಂಗಿಯ ಗುಂಡಿಗೆ ಕಾಜಾ ಹೊಲಿಯುವ ಯಂತ್ರ ಅವಳದು. ಗೇಜಪ್ಪನವರಿಗೆ ಅವಳು ಕಾಜಾ ನಾದಿನಿ. ಆಸ್ಪತ್ರೆಗೆ ನೋಡಲು ಬಂದಾಗ ಅವಳು ಹೇಳಿದ್ದು ಇಷ್ಟು: "ಅಕ್ಕಾ, ಬೇಗ ಎದ್ದು ಬಾ. ನಿನ್ನೆ ನಾನು ನರ್ಸುಗಳ ಒಂಬತ್ತು ಅಂಗಿಗೆ ಎರಡೂ ಎಡಗಡೆ ತೋಳೇ ಕತ್ತರಿಸಿದೀನಿ. ಆ ನರ್ಸುಗಳು ಬಲಗೈ ಮನೇಲಿ ಬಿಟ್ಟು ಬರಬೇಕು."

ಕತ್ತರಿಯಮ್ಮ ನಕ್ಕರು, ನಕ್ಕಿದ್ದಕ್ಕೆ ಕಾಲು ನೊಂದು ಮುಖ ಕಿವುಚಿದರು.

ಐದನೆಯ ದಿನ ಮನೆಗೆ ಕಳುಹಿಸಿದರು. ಏಳನೆಯ ದಿನ, ಬೆಳಿಗ್ಗೆ ಹತ್ತಕ್ಕೆ ಬರಬೇಕಾಗಿದ್ದ ಆಸ್ಪತ್ರೆಯ ಫಿಸಿಯೋ ಹತ್ತು ಇಪ್ಪತ್ತೆರಡಕ್ಕೆ ಬಂದಳು. ಇಪ್ಪತ್ತಾರು, ಇಪ್ಪತ್ತೇಳರ ಹುಡುಗಿ. ಉದ್ದನೆಯ ಆಳು, ಹೆಗಲಿಗೆ ದೊಡ್ಡ ಚೀಲ. ಗೇಜಪ್ಪನವರು ಬಾಗಿಲಲ್ಲೇ ಗಡಿಯಾರ ನೋಡಿದರು. ಅವಳು ಅದನ್ನು ಕಂಡು "ಸಾರಿ ಸಾರ್, ಹಿಂದಿನ ಮನೇಲಿ ತಡ ಆಯ್ತು" ಎಂದು ಒಳಗೆ ಬಂದು, ಮಂಚದ ಪಕ್ಕ ನೆಲದ ಮೇಲೆ ಮಂಡಿಯೂರಿ ಕೂತು ಕೆಲಸ ಆರಂಭಿಸಿದಳು. ಮಂಡಿಯ ಕೆಳಗೆ ಸುತ್ತಿದ ಟವೆಲ್ಲು ಇಟ್ಟು, "ಅಮ್ಮ, ಇದನ್ನ ಮಂಡಿಯಿಂದ ಕೆಳಕ್ಕೆ ಒತ್ತಿ, ಐದು ಎಣಿಸೋವರೆಗೂ ಹಾಗೇ ಹಿಡ್ಕೊಳ್ಳಿ" ಎಂದಳು. ಕತ್ತರಿಯಮ್ಮ ಒತ್ತಿದರು. ಏನೂ ಅಲುಗಲಿಲ್ಲ.

"ಏನೂ ಆಗ್ತಿಲ್ವಲ್ಲ," ಎಂದರು ಗೇಜಪ್ಪನವರು.

"ಅದೇ ತೊಂದರೆ ಸಾರ್. ಮಂಡಿ ಹೊಸದು ಹಾಕಿದಾರೆ, ಅದನ್ನ ಎತ್ತೋ ಸ್ನಾಯು ಹಳೇದೇ. ತೊಡೆ ಮುಂದಿನ ಈ ದೊಡ್ಡ ಸ್ನಾಯು ಇದೆಯಲ್ಲ, ನಾಲ್ಕು ವರ್ಷದ ನೋವಿಗೆ ಮೊದಲೇ ಸೊರಗಿದೆ. ಆಪರೇಷನ್ ಆದ ಮೇಲೆ ಒಳಗೆ ಊತ ಇರುತ್ತೆ. ಊತ ಇರೋವರೆಗೂ ಮಿದುಳು ಆ ಸ್ನಾಯುಗೆ ಪೂರ್ತಿ ಅಪ್ಪಣೆ ಕೊಡೋದೇ ಇಲ್ಲ. ಮೊದಲನೇ ತಿಂಗಳಲ್ಲಿ ಇದ್ದ ಬಲದಲ್ಲಿ ಅರ್ಧ, ಕೆಲವರಿಗೆ ಇನ್ನೂ ಹೆಚ್ಚು, ಹೊರಟುಹೋಗುತ್ತೆ. ಬೆಳಿಗ್ಗೆ ಸಂಜೆ ಎಬ್ಬಿಸ್ತಾ ಇರಬೇಕು."

"ಬಲ ಎಷ್ಟಿದೆ ಅನ್ನೋದಕ್ಕೆ ಅಳತೆ ಏನು?"

"ಅಳೆಯೋ ಯಂತ್ರ ಆಸ್ಪತ್ರೇಲಿದೆ. ಮನೇಲಾದರೆ, ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಏಳ್ತಾರೆ ನೋಡಿ. ಅಷ್ಟೇ ಸಾಕು."

ಯಾವ ಕುರ್ಚಿ, ಅದರ ಎತ್ತರವೆಷ್ಟು ಎಂದು ಹೇಳದ ಅಳತೆಯನ್ನು ಗೇಜಪ್ಪನವರು ಅಳತೆಯೆಂದು ಒಪ್ಪುವವರಲ್ಲ. ಅವಳು ಕೊಟ್ಟುಹೋದ ಹಾಳೆಯಲ್ಲಿ ಆರು ವ್ಯಾಯಾಮಗಳಿದ್ದವು. ಒಂದು, ಹಿಮ್ಮಡಿಯನ್ನು ಜಾರಿಸಿ ಮಂಡಿ ಮಡಿಸುವುದು. ಉಳಿದ ಐದು: ಟವೆಲ್ಲು ಒತ್ತುವುದು, ಕಾಲನ್ನು ನೇರವಾಗಿ ಮೇಲೆತ್ತುವುದು, ಪಕ್ಕಕ್ಕೆ ಎತ್ತುವುದು, ಕುರ್ಚಿಯಿಂದ ಏಳುವುದು, ತುದಿಗಾಲಲ್ಲಿ ನಿಲ್ಲುವುದು. ಎರಡನೆಯ ಸಲ ಅವಳು ಮೂವತ್ತೈದು ನಿಮಿಷ ತಡವಾಗಿ ಬಂದಳು, ಮೂರನೆಯ ಸಲ ನಲವತ್ತು. ಅಂದು ಮಧ್ಯಾಹ್ನವೇ ಗೇಜಪ್ಪನವರು ಆಸ್ಪತ್ರೆಯ ಅಧೀಕ್ಷಕರಿಗೆ ಎರಡು ಪುಟದ ಪತ್ರ ಬರೆದರು. ಮೂರು ದಿನಾಂಕ, ಮೂರು ವೇಳೆ, ಒಟ್ಟು ತೊಂಬತ್ತೇಳು ನಿಮಿಷ. ರೋಗಿಗಳ ಸಮಯಕ್ಕೆ ಬೆಲೆಯೇ ಇಲ್ಲವೇ, ಇಂಥವರನ್ನು ಮನೆಗಳಿಗೆ ಕಳುಹಿಸುವ ಸಂಸ್ಥೆಗೆ ಹೊಣೆಗಾರಿಕೆ ಎಂಬುದಿದೆಯೇ ಎಂಬ ಎರಡು ಪ್ರಶ್ನೆಗಳು. ಮೂರು ದಿನಕ್ಕೆ ಉತ್ತರ ಬಂತು: ಸಂಬಂಧಪಟ್ಟವರನ್ನು ಮನೆಭೇಟಿಯ ಕೆಲಸದಿಂದ ತೆಗೆಯಲಾಗಿದೆ, ಬದಲಿ ವ್ಯಕ್ತಿ ಲಭ್ಯವಾದಾಗ ಕಳುಹಿಸಲಾಗುವುದು. ಬದಲಿ ವ್ಯಕ್ತಿ ಲಭ್ಯವಾಗಲಿಲ್ಲ.

"ಯಾಕೆ ಆ ಹುಡುಗಿ ಬರ್ತಿಲ್ಲ?" ಎಂದು ಕತ್ತರಿಯಮ್ಮ ಕೇಳಿದರು.

"ಅವಳನ್ನ ಬೇರೆ ಕಡೆ ಹಾಕಿದಾರಂತೆ. ನಾನಿದೀನಲ್ಲ."

ಅವರಿದ್ದರು, ನಿಜ. ಇದ್ದದ್ದರಲ್ಲಿ ಒಂದಿಷ್ಟೂ ಕೊರತೆಯಿರಲಿಲ್ಲ. ನಿವೃತ್ತಿಯ ದಿನ ಕಾರ್ಖಾನೆ ಕೊಟ್ಟಿದ್ದ, ಎರಡು ತೋಳಿನ ಉಕ್ಕಿನ ಕೋನಮಾಪಕವನ್ನು ಪೆಟ್ಟಿಗೆಯಿಂದ ತೆಗೆದು ಎಣ್ಣೆ ಒರೆಸಿದರು. ಒಂದು ತೋಳು ತೊಡೆಯ ಉದ್ದಕ್ಕೆ, ಇನ್ನೊಂದು ಕಣಕಾಲಿನ ಉದ್ದಕ್ಕೆ. ಹನ್ನೆರಡನೆಯ ದಿನ ಮಂಡಿ ಎಪ್ಪತ್ತೆಂಟು ಡಿಗ್ರಿ ಮಡಿಯಿತು. ಹದಿನಾರನೆಯ ದಿನ ಎಂಬತ್ತೈದು. ಅಡುಗೆಮನೆಯ ಬಾಗಿಲಿಗೆ ಚೌಕುಳಿ ಹಾಳೆ ಅಂಟಿಸಿ, ಪ್ರತಿದಿನ ಒಂದು ಚುಕ್ಕೆ ಇಟ್ಟರು. ಚುಕ್ಕೆಗಳು ಏರುತ್ತ ಹೋದವು. ಅಷ್ಟು ಕಣ್ಣಿಗೆ ಕಟ್ಟುವಂತೆ ಏರುವ ವಸ್ತು ಆ ಮನೆಯಲ್ಲಿ ಬೇರೊಂದಿರಲಿಲ್ಲ.

ಕಾಲನ್ನು ನೇರವಾಗಿ ಎತ್ತುವುದು ಮಾತ್ರ ಕತ್ತರಿಯಮ್ಮನಿಗೆ ಜೀವ ಹೋದಷ್ಟು ಕಷ್ಟವಾಗಿತ್ತು. ಮಂಚದಿಂದ ಒಂದು ಬೆರಳು ಎತ್ತುವಷ್ಟರಲ್ಲಿ ತೊಡೆ ಗಡಗಡ ನಡುಗುತ್ತಿತ್ತು, ಹಣೆಯಲ್ಲಿ ಬೆವರು. ನಡುಗುವ ಯಂತ್ರವನ್ನು ನಿಲ್ಲಿಸಿ ನೋಡಬೇಕೇ ಹೊರತು ಓಡಿಸಬಾರದು ಎಂಬುದು ತಪಾಸಣಾ ಕೋಣೆಯ ಮೊದಲ ಪಾಠ. ಹದಿನೇಳನೆಯ ದಿನ ಗೇಜಪ್ಪನವರು ಹಾಳೆಯನ್ನು ಮೇಜಿನ ಮೇಲೆ ಹರಡಿ, ಅಳತೆಗೆ ಸಿಗದ ಐದೂ ವ್ಯಾಯಾಮಗಳ ಮೇಲೆ ಕೆಂಪು ಗೆರೆ ಎಳೆದರು. "ಇನ್ನು ಅವೆಲ್ಲ ಬೇಡವಂತೆ. ಮಡಿಸೋದೊಂದೇ ಸಾಕಂತೆ," ಎಂದು ಹೆಂಡತಿಗೆ ಹೇಳಿದರು. ಯಾರು ಹೇಳಿದ್ದು ಎಂದು ಆಕೆ ಕೇಳಲಿಲ್ಲ. ಆ ಒಂದು 'ಅಂತೆ'ಯಲ್ಲಿ ಹೆಸರಿಲ್ಲದ ಯಾರೋ ಡಾಕ್ಟರು ಕೂತಿದ್ದರು.

ಅದು ಅವರು ಹೆಂಡತಿಗೆ ಹೇಳಿದ ಮೊದಲ ಸುಳ್ಳೇನಲ್ಲ. ಆದರೆ ಅಷ್ಟು ಪ್ರೀತಿಯಿಂದ ಹೇಳಿದ ಸುಳ್ಳು ಬೇರೊಂದಿರಲಿಲ್ಲ. ಆಕೆ ನರಳುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ನೀರು, ಬಾಚಣಿಗೆ, ಕನ್ನಡಕ ಎಲ್ಲವನ್ನೂ ಕೂತಲ್ಲಿಗೇ ತಂದುಕೊಟ್ಟರು. ಕುರ್ಚಿಯಿಂದ ಏಳಬೇಕಾದಾಗ ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಕಾಜಾ ನಾದಿನಿ ಒಂದು ದಿನ ಬಂದು ನೋಡಿ, "ಏನು ಭಾವ, ನಮ್ಮಕ್ಕನ್ನ ಗಾಜಿನ ಬೀರುವಿನಲ್ಲಿ ಇಟ್ಟುಬಿಟ್ಟಿದೀರಿ," ಎಂದಳು. ಗೇಜಪ್ಪನವರು ಅವಳನ್ನು ಅಡುಗೆಮನೆಯ ಬಾಗಿಲಿಗೆ ಕರೆದೊಯ್ದು ಹಾಳೆ ತೋರಿಸಿದರು. ಆರನೆಯ ವಾರದ ಕೊನೆಗೆ ನೂರ ಇಪ್ಪತ್ತೊಂದು ಡಿಗ್ರಿ. ಆ ಚುಕ್ಕೆಯ ಸುತ್ತ ಕೆಂಪು ವೃತ್ತ. "ಇದರರ್ಥ ಏನು ಭಾವ?" ಎಂದಳು. "ನಿನ್ನ ಮಂಡಿಯೂ ಇಷ್ಟು ಚೆನ್ನಾಗಿ ಮಡಿಯಲ್ಲ, ಅದರರ್ಥ," ಎಂದರು.

ಎಂಟನೆಯ ವಾರ ಇಬ್ಬರೂ ಕಾರ್ಯಾಲಯಕ್ಕೆ ಹೊರಟರು. ಕೋಲು ಹಿಡಿದು ಸಮತಟ್ಟಾದ ಬೀದಿಯಲ್ಲಿ ಕತ್ತರಿಯಮ್ಮ ಚೆನ್ನಾಗಿಯೇ ನಡೆದರು. ಮೆಟ್ಟಿಲ ಬುಡದಲ್ಲಿ ಕೋಲನ್ನು ಗಂಡನ ಕೈಗೆ ಕೊಟ್ಟು, ಕೈಪಿಡಿ ಹಿಡಿದು, ಎಡಗಾಲು ಮೊದಲಿಟ್ಟು ಮೂರು ಮೆಟ್ಟಿಲು ಹತ್ತಿದರು. ನಾಲ್ಕನೆಯದರಲ್ಲಿ ಹುರುಪು ಬಂದು ಬಲಗಾಲನ್ನು ಮೇಲಿಟ್ಟು ಮೈಯ ಭಾರ ಹಾಕಿದರು. ಮಂಡಿ ಒದ್ದೆ ಕಾಗದದಂತೆ ಕುಸಿಯಿತು. ಬೀಳಲಿಲ್ಲ, ಕೈಪಿಡಿಗೆ ಜೋತು ಮೆಟ್ಟಿಲ ಮೇಲೆ ಕೂತರು. ಮೊಣಕೈ ತರಚಿತು. ಸದ್ದಿಗೆ ಮೇಲಿನಿಂದ ಕಾಜಾ ನಾದಿನಿ ಧಡಧಡ ಇಳಿದು ಬಂದಳು.

"ಏನಾಯ್ತೇ?"

"ಕಾಲೇ ಇರಲಿಲ್ಲ ಕಣೇ," ಎಂದರು ಕತ್ತರಿಯಮ್ಮ. "ಇಟ್ಟೆ, ಇರಲಿಲ್ಲ."

ಮನೆಗೆ ಬಂದು ಕತ್ತರಿಯಮ್ಮ ತರಚಿದ ಮೊಣಕೈಗೆ ಮುಲಾಮು ಹಚ್ಚಿಸಿಕೊಳ್ಳುತ್ತ, "ತಪ್ಪು ನಂದೇ ರೀ," ಎಂದರು. "ನನ್ನ ಮೈಯೇ ಸೋಮಾರಿ. ನೀವು ಒಂದು ದಿನ ಬಿಡದೆ ಇಷ್ಟೆಲ್ಲ ಮಾಡಿದ್ರಿ. ಈ ಹಾಳು ಕಾಲಿಗೆ ಮರ್ಯಾದೆನೇ ಇಲ್ಲ."

ಗೇಜಪ್ಪನವರು ಮುಲಾಮಿನ ಮುಚ್ಚಳ ತಿರುಗಿಸಿದರು. ಅದು ಓರೆಯಾಗಿ ಸಿಕ್ಕಿಕೊಂಡಿತ್ತು. ಬಿಚ್ಚಿ ಮತ್ತೆ ತಿರುಗಿಸಿದರು.

ಆ ವಾರವೇ ಆಸ್ಪತ್ರೆಯಲ್ಲಿ ಮರುತಪಾಸಣೆ. ಶಸ್ತ್ರವೈದ್ಯರು ಎಕ್ಸ್‌ರೇ ನೋಡಿ ತೃಪ್ತರಾದರು, ಮಂಡಿ ಮಡಿಸಿ ನೋಡಿ ಇನ್ನೂ ತೃಪ್ತರಾದರು. "ಈಗ ಕಾಲನ್ನ ನೇರ ಇಟ್ಕೊಂಡೇ ಮೇಲೆತ್ತಿ," ಎಂದರು. ಹಿಮ್ಮಡಿ ಮಂಚ ಬಿಟ್ಟು ಮೇಲೇಳಲಿಲ್ಲ. ಕತ್ತರಿಯಮ್ಮ ತುಟಿ ಕಚ್ಚಿದರು. ಮಂಡಿ ಬಾಗಿತೇ ಹೊರತು ಕಾಲು ಏಳಲಿಲ್ಲ.

"ವ್ಯಾಯಾಮ ಮಾಡ್ತಿಲ್ವಾ ಅಮ್ಮ?"

"ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ. ಇವರು ಬಿಡಬೇಕಲ್ಲ," ಎಂದು ಆಕೆ ಗಂಡನತ್ತ ನೋಡಿ, ಅಭಿಮಾನದಿಂದಲೇ ನಕ್ಕರು.

ವೈದ್ಯರೂ ಗೇಜಪ್ಪನವರತ್ತ ನೋಡಿದರು. ಮಾತಾಡಲು ಅವರಿಗೆ ಮೂರು ಸೆಕೆಂಡಾದರೂ ಸಿಕ್ಕಿತ್ತು. ಮೂರು ಸೆಕೆಂಡಿನಲ್ಲಿ ಏನು ಬೇಕಾದರೂ ಹೇಳಬಹುದು. ಅವರು ಚಪ್ಪಲಿಯ ಪಟ್ಟಿಯನ್ನು ನೋಡುತ್ತ ನಿಂತರು. ವೈದ್ಯರು ಚೀಟಿ ಬರೆದು ನೆಲಮಾಳಿಗೆಯ ವ್ಯಾಯಾಮ ವಿಭಾಗಕ್ಕೆ ಕಳುಹಿಸಿದರು.

ನೆಲಮಾಳಿಗೆಯಲ್ಲಿ ಕಿಟಕಿಗಳಿರಲಿಲ್ಲ. ಕೊಳವೆ ದೀಪದ ಕೆಳಗೆ, ಎರಡು ಸಮಾನಾಂತರ ಸರಳುಗಳ ನಡುವೆ ಒಬ್ಬ ಮುದುಕರನ್ನು ನಡೆಸುತ್ತಿದ್ದವಳು ಅದೇ ಉದ್ದನೆಯ ಹುಡುಗಿ. ಗೇಜಪ್ಪನವರು ಹೆಂಡತಿಯ ಬೆನ್ನ ಹಿಂದೆ ಸರಿದರು. ಅವಳು ಬಂದು, "ಹೇಗಿದೀರಮ್ಮ?" ಎಂದು ಕೇಳಿ, ಚೀಟಿ ಓದಿ, ಜೇಬಿನಿಂದ ದರ್ಜಿಗಳ ಟೇಪು ತೆಗೆದಳು. ಮಂಡಿಚಿಪ್ಪಿನ ಮೇಲಂಚಿನಿಂದ ಹದಿನೈದು ಸೆಂಟಿಮೀಟರ್ ಗುರುತು ಮಾಡಿ ಎರಡೂ ತೊಡೆಯ ಸುತ್ತಳತೆ ತೆಗೆದಳು. ಎಡಗಡೆ ನಲವತ್ತಾರು. ಬಲಗಡೆ ನಲವತ್ತೆರಡೂವರೆ.

ಮೂರೂವರೆ ಸೆಂಟಿಮೀಟರ್. ಅಂಥ ಟೇಪುಗಳು ಗೇಜಪ್ಪನವರ ಮನೆಯಲ್ಲಿ ಐದಾರು ಬಿದ್ದಿದ್ದವು. ಒಂದು ಮಂಚದ ತಲೆದಿಂಬಿನ ಪಕ್ಕದಲ್ಲೇ ಇತ್ತು. ಆರು ವಾರ ಅವರು ಉಕ್ಕಿನ ಕೋನಮಾಪಕ ಹಿಡಿದು ಅಳೆದದ್ದು ಶಸ್ತ್ರವೈದ್ಯರು ಆಗಲೇ ಮಾಡಿ ಮುಗಿಸಿದ್ದ ಕೆಲಸವನ್ನು. ಉಳಿದಿದ್ದ ಕೆಲಸ ತೊಡೆಯದು, ಅದು ಕಣ್ಣೆದುರಿಗೇ ಕರಗುತ್ತಿತ್ತು.

"ಹಾಳೆಯಲ್ಲಿದ್ದ ಬಲದ ವ್ಯಾಯಾಮ, ಅವು ಐದೂ…" ಎಂದು ಆರಂಭಿಸಿದ ಹುಡುಗಿ ಗೇಜಪ್ಪನವರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು. "ಇರಲಿ. ಇವತ್ತಿಂದ ಶುರು ಮಾಡೋಣ. ತಡ ಆಗಿದೆ, ಆದರೆ ಸ್ನಾಯು ಅಷ್ಟು ಬೇಗ ಕೋಪ ಮಾಡ್ಕೊಂಡು ಹೋಗಿಬಿಡಲ್ಲ. ದಿನಾ ಮಾಡಿದರೆ ನಾಲ್ಕೈದು ತಿಂಗಳಿಗೆ ತಿರುಗಿ ಬರುತ್ತೆ. ಪೂರ್ತಿ ಬರದಿದ್ದರೂ ಮೆಟ್ಟಿಲಿಗಾಗುವಷ್ಟು ಬರುತ್ತೆ."

"ನಾಲ್ಕೈದು ತಿಂಗಳಾ?" ಎಂದರು ಕತ್ತರಿಯಮ್ಮ. ಮೇಜಿನ ಗಡುವಿಗೆ ಉಳಿದಿದ್ದದ್ದು ಐದು ವಾರ.

ಕತ್ತರಿಯಮ್ಮನನ್ನು ಯಂತ್ರದ ಮೇಲೆ ಕೂರಿಸಿ ಹುಡುಗಿ ನೀರು ಕುಡಿಯಲು ಕಾರಿಡಾರಿಗೆ ಬಂದಾಗ ಗೇಜಪ್ಪನವರು ಹಿಂದೆಯೇ ಬಂದರು.

"ಪತ್ರ ಬರೆದವನು ನಾನು."

"ಗೊತ್ತು ಸಾರ್. ನನಗೆ ಓದಿಸಿ ಸಹಿ ಹಾಕಿಸ್ಕೊಂಡ್ರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ತಡವಾಗೇ ಬಂದಿದ್ದೆ."

"ಯಾಕೆ ಅಂತ ನಾನು ಕೇಳಲಿಲ್ಲ."

"ಕೇಳಲಿಲ್ಲ," ಎಂದು ಅವಳು ಒಪ್ಪಿಕೊಂಡಳು. ಲೋಟ ತೊಳೆದಿಟ್ಟಳು. "ನಿಮ್ಮ ಹಿಂದಿನ ಮನೆ ಒಬ್ಬರು ಲಾರಿ ಡ್ರೈವರದು. ಅವರಿಗೂ ಮಂಡೀನೇ. ಕುರ್ಚಿಯಿಂದ ಹತ್ತು ಸಲ ಏಳಿ ಅಂದರೆ ಏಳು ಸಲಕ್ಕೇ ಸುಸ್ತಾಗಿ ಕೂತುಬಿಡೋರು. ಉಳಿದ ಮೂರು ಆಗೋ ತನಕ ನಾನೂ ಕೂತಿರ್ತಿದ್ದೆ. ಬಿಟ್ಟು ಬಂದರೆ ಮಾಡಲ್ಲ ಅಂತ ಗೊತ್ತಿತ್ತು."

"ಈಗ ಹೇಗಿದಾರೆ?"

"ನನಗೇನು ಗೊತ್ತು ಸಾರ್? ನಾನು ಮನೆಗಳಿಗೆ ಹೋಗ್ತಿಲ್ವಲ್ಲ."

ಆ ದಿನ ಮಧ್ಯಾಹ್ನ ಮನೆಯಲ್ಲಿ ಗೇಜಪ್ಪನವರು ಮೇಜಿನ ಖಾನೆಯಿಂದ ವ್ಯಾಯಾಮದ ಹಾಳೆ ತೆಗೆದು ಹೆಂಡತಿಯ ಮುಂದಿಟ್ಟರು. ಗೆರೆ ಎಳೆದದ್ದು ತಾವು, ಡಾಕ್ಟರಾರೂ ಹಾಗೆ ಹೇಳಿರಲಿಲ್ಲ, ಹುಡುಗಿಯನ್ನು ತೆಗೆಸಿದ್ದೂ ತಾವೇ ಎಂದು ದಿನಾಂಕ ಸಮೇತ ಹೇಳಿದರು. ವೈದ್ಯರ ಮುಂದೆ ಸುಮ್ಮನಿದ್ದದ್ದನ್ನೂ ಬಿಡಲಿಲ್ಲ. ಕತ್ತರಿಯಮ್ಮ ಕನ್ನಡಕ ಏರಿಸಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಐದೂ ಗೆರೆ ಸ್ಕೇಲಿಟ್ಟೇ ಎಳೆದಿದೀರಿ."

"ಹೌದು."

"ಕೈ ನಡುಗಿಲ್ಲ."

ನಡುಗಿರಲಿಲ್ಲ.

"ನೋವಾಗ್ತಿತ್ತು, ನಿಜ," ಎಂದರು ಆಕೆ. "ನೀನು ಮಾಡ್ತೀಯೋ ಬಿಡ್ತೀಯೋ ಅಂತ ನನ್ನ ಕೇಳಬೇಕಿತ್ತು. ಕಾಲು ನಂದಲ್ವಾ?" ದನಿ ಏರಿಸದೆ ಮುಂದುವರಿಸಿದರು: "ಎಂಟು ವಾರ ನಾನು ನನ್ನ ಕಾಲನ್ನೇ ಬೈದೆ. ಸೋಮಾರಿ ಅಂದೆ, ದರಿದ್ರ ಅಂದೆ. ನೀವು ಪಕ್ಕದಲ್ಲೇ ಕೂತು ಕೇಳಿಸ್ಕೊಂಡ್ರಿ."

ಕ್ಷಮಿಸು ಎಂಬ ಮಾತು ಗೇಜಪ್ಪನವರ ಬಾಯಿಗೆ ಬಂತು. ಅದು ಆ ಮೂರೂವರೆ ಸೆಂಟಿಮೀಟರನ್ನು ತುಂಬುವಂಥದ್ದಲ್ಲವೆಂದು ತೋರಿತು. ಆದರೂ ಹೇಳಿದರು. ಕತ್ತರಿಯಮ್ಮ ಕುರ್ಚಿಯ ಕೈಗಳನ್ನು ಹಿಡಿದು ಏಳಲು ನೋಡಿದರು. ಗೇಜಪ್ಪನವರು ಕಂಕುಳಿಗೆ ಕೈ ಕೊಡಲು ಬಗ್ಗಿದಾಗ, "ಬಿಡಿ," ಎಂದರು. ಮೂರನೆಯ ಪ್ರಯತ್ನಕ್ಕೆ ಎದ್ದು, ಗೋಡೆ ಹಿಡಿದುಕೊಂಡು ಹೋಗಿ ತಾವೇ ನೀರು ಬಗ್ಗಿಸಿಕೊಂಡು ಕುಡಿದರು.

ಆಮೇಲಿನ ದಿನಗಳಲ್ಲಿ ಆಕೆ ಐದೂ ವ್ಯಾಯಾಮಗಳನ್ನು ಬಾಗಿಲು ಹಾಕಿಕೊಂಡು ಮಾಡಿದರು. ವಾರಕ್ಕೆರಡು ದಿನ ನೆಲಮಾಳಿಗೆಗೆ ಹೋಗಲು ಜೊತೆಯಾದವಳು ತಂಗಿ. ಗೇಜಪ್ಪನವರು ಅಧೀಕ್ಷಕರಿಗೆ ಎರಡನೆಯ ಪತ್ರ ಬರೆದರು. ಮೊದಲನೆಯದರ ಸಂಗತಿಗಳು ಸತ್ಯವಾಗಿದ್ದರೂ ತೀರ್ಮಾನ ತಪ್ಪಾಗಿತ್ತು, ಕಾರಣ ವಿಚಾರಿಸದೆ ದೂರಿದ್ದು ತಮ್ಮ ಅಪರಾಧ, ಆಕೆಯನ್ನು ಮತ್ತೆ ಮನೆಭೇಟಿಗೆ ನೇಮಿಸಬೇಕು ಎಂದು. ಪರಿಶೀಲಿಸಲಾಗುವುದು ಎಂಬ ಒಂದು ಸಾಲಿನ ಉತ್ತರ ಬಂತು. ಮೂರನೆಯ ಪತ್ರಕ್ಕೆ ಅದೂ ಬರಲಿಲ್ಲ. ತಾವೇ ಎರಡು ಸಲ ಹೋಗಿ ಅಧೀಕ್ಷಕರ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾದರು. ದೂರು ಕೊಡುವವರಿಗೆ ತೆರೆದುಕೊಂಡಷ್ಟು ಬೇಗ ಆ ಬಾಗಿಲು ದೂರು ಹಿಂತೆಗೆಯುವವರಿಗೆ ತೆರೆಯಲಿಲ್ಲ. ಹುಡುಗಿ ನೆಲಮಾಳಿಗೆಯಲ್ಲೇ ಉಳಿದಳು. ಲಾರಿ ಡ್ರೈವರನ ವಿಳಾಸವನ್ನು ಕೇಳಿದಾಗ, ರೋಗಿಗಳ ವಿಳಾಸ ಕೊಡುವಂತಿಲ್ಲ ಎಂದಳು. ಅದು ನಿಯಮ, ನಿಯಮವನ್ನು ಗೇಜಪ್ಪನವರು ಅಲ್ಲಗಳೆಯುವಂತಿರಲಿಲ್ಲ. ಬೀದಿಯಲ್ಲಿ ಯಾರಾದರೂ ಕಾಲೆಳೆದು ನಡೆಯುತ್ತಿದ್ದರೆ ಮಾತ್ರ ಅವರ ಕಣ್ಣು ಅಲ್ಲೇ ನಿಲ್ಲುತ್ತಿತ್ತು.

ಮೂರು ತಿಂಗಳು ತುಂಬಿದ ದಿನ ಕತ್ತರಿಯಮ್ಮ ಹತ್ತಿದ್ದು ಹನ್ನೆರಡು ಮೆಟ್ಟಿಲು. ಮೇಲ್ವಿಚಾರಕಿ ತಿರುವಿನವರೆಗೆ ಇಳಿದು ಬಂದು, ಅಲ್ಲೇ ನಿಂತು ಮಾತಾಡಿದರು. ಮೇಜಿಗೆ ಬೇರೆಯವರು ಬಂದಿದ್ದಾರೆ, ಚಿಕ್ಕ ವಯಸ್ಸು, ಕೈ ಚೆನ್ನಾಗಿದೆ. "ನೀವು ಹತ್ತಿ ಬಂದ ದಿನ ನೋಡೋಣ," ಎಂದರು. ಕೆಳಗೆ ಕೋಲು ಹಿಡಿದು ನಿಂತಿದ್ದ ಗೇಜಪ್ಪನವರಿಗೆ ಪ್ರತಿಯೊಂದು ಮಾತೂ ಕೇಳಿಸಿತು.

ಐದನೆಯ ತಿಂಗಳು ಕತ್ತರಿಯಮ್ಮ ಇಪ್ಪತ್ನಾಲ್ಕನ್ನೂ ಹತ್ತಿದರು. ಮಧ್ಯದ ದೊಡ್ಡ ಮೇಜು ಹೊಸಬಳದಾಗಿಯೇ ಉಳಿಯಿತು. ಗೋಡೆಯ ಪಕ್ಕ ಇದ್ದ ಸಣ್ಣ ಮೇಜಿನಲ್ಲಿ, ಬೆಳಿಗ್ಗೆ ಮೂರು ಗಂಟೆಗಳ ಕಾಲ, ಕಾಲರು ಮತ್ತು ಜೇಬುಗಳನ್ನು ಕತ್ತರಿಸುವ ಕೆಲಸ ಸಿಕ್ಕಿತು. "ನಮ್ಮಕ್ಕ ಜೇಬುಗಳ್ಳಿ ಆಗಿಬಿಟ್ಳು," ಎಂದು ಕಾಜಾ ನಾದಿನಿ ಎಲ್ಲರನ್ನೂ ನಗಿಸಿದಳು. ಕತ್ತರಿಯಮ್ಮನೂ ನಕ್ಕರಂತೆ. ಇಪ್ಪತ್ತೊಂಬತ್ತು ವರ್ಷ ಇಡೀ ಉಡುಪನ್ನು ಹಾಸಿ ಕತ್ತರಿಸಿದ ಕೈಗೆ ಜೇಬು ಎಷ್ಟರ ಕೆಲಸ ಎಂಬುದು ಗೇಜಪ್ಪನವರಿಗೆ ಗೊತ್ತಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಅವರು ಔಷಧದಂಗಡಿಯ ಪಕ್ಕದಲ್ಲಿ ನಿಂತಿರುತ್ತಾರೆ. ಮೇಲೆ ಬರಕೂಡದೆಂದು ಅಪ್ಪಣೆಯಾಗಿದೆ. ಕತ್ತರಿಯಮ್ಮ ಬಲಗಾಲನ್ನು ಮೊದಲಿಟ್ಟು, ಒಂದೊಂದೇ ಮೆಟ್ಟಿಲು ಇಳಿದು ಬರುತ್ತಾರೆ. ಮೊದಲ ವಾರದ ಒಂದು ದಿನ ಆಕೆ ಇಳಿದು ಬಂದು ಕೈಪಿಡಿಯ ತುದಿ ಹಿಡಿದು ಉಸಿರು ಸುಧಾರಿಸಿಕೊಂಡರು. ಗೇಜಪ್ಪನವರು ಏನೋ ಕೇಳಲು ಬಾಯಿ ತೆರೆದು, ಮುಚ್ಚಿದರು.

"ಕೇಳಿ," ಎಂದರು ಕತ್ತರಿಯಮ್ಮ. "ಹೊಟ್ಟೇಲಿ ಇಟ್ಕೊಂಡು ಯಾಕೆ ಒದ್ದಾಡ್ತೀರಿ?"

"ಬೇಡ."

"ಹದಿನೇಳನೇ ಮೆಟ್ಟಿಲಲ್ಲಿ ಕಾಲು ನಡುಗಿತು. ನಿನ್ನೆ ಹದಿನೈದರಲ್ಲೇ ನಡುಗಿತ್ತು."

ಕೈಚೀಲವನ್ನು ಗಂಡನಿಗೆ ಕೊಟ್ಟರು. ತೋಳು ಕೊಡಲಿಲ್ಲ. ಅವರು ಅರ್ಧ ಹೆಜ್ಜೆ ಹಿಂದೆ, ಆಕೆಯ ಬಲಗಡೆಗೆ ನಡೆದರು.